ಗಾಲಿಗೆ ಬೇಕಾದ ಎಡೆ

ಮೋಟಾರು ಬಂಡಿಯನ್ನಿಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಅದರ ಗಾಲಿಗಳು ಚಿಕ್ಕವಾಗಿ ಕಾಣತೊಡಗುತ್ತವೆ. ಕೊಂಡಾಗ ಸರಿಯಾಗಿಯೇ ಕಂಡಿದ್ದ ಗಾಲಿಗಳು, ನೆರೆಮನೆಯವರ ಬಂಡಿ ದಪ್ಪ ಟೈರುಗಳ ಮೇಲೆ ಎದ್ದು ನಿಂತುದನ್ನು ಕಂಡ ಮೇಲೆ ಬಡಕಲಾಗಿ ತೋರುತ್ತವೆ. ನನಗೆ ಹಾಗೆ ತೋರಿರಲಿಲ್ಲವೆಂದರೆ ಸುಳ್ಳಾದೀತು. ಆದರೆ ಆ ಆಸೆಯನ್ನು ಬಾಯಿಬಿಟ್ಟು ಆಡಿದವನು ನನ್ನ ಮಗ. ಕೆಲಸಕ್ಕೆ ಸೇರಿದ ಮೊದಲ ವರ್ಷ ಉಳಿಸಿದ ಹಣದಿಂದ ಅವನು ನಾಲ್ಕು ಹೊಸ ರಿಮ್ಮುಗಳನ್ನೂ ನಾಲ್ಕು ದಪ್ಪ ಟೈರುಗಳನ್ನೂ ಕೊಂಡು, ನನ್ನ ಹಳೆಯ ಕಾರಿಗೆ ತೊಡಿಸಿ, ರಾಮನಗರದ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದನು. "ಈಗ ನೋಡಿ ಅಪ್ಪಾ" ಎಂದನು. ನೋಡಿದೆನು. ಬಂಡಿಗೆ ಮರಳಿ ಪ್ರಾಯ ಬಂದಂತಿದ್ದಿತು.

ನಮ್ಮ ತಾಯಿಯವರಿಗೆ ಎಂಬತ್ತು ದಾಟಿದೆ. ಸಾವಂದಿ ವೀರಭದ್ರಸ್ವಾಮಿಗೆ ಹೊತ್ತ ಹರಕೆಯೊಂದು ಬಹುದಿನಗಳಿಂದ ಉಳಿದಿದ್ದಿತು. ಹೊಸ ಗಾಲಿಗಳ ಮೇಲೆ ಮೊದಲ ಪಯಣ ಅದಕ್ಕಾಗಲೆಂದು ಮುಂದಿನ ಭಾನುವಾರವೇ ನಾವು ಐವರು ಹೊರಟೆವು.

ಸಾವನದುರ್ಗವನ್ನು ಈ ಜಿಲ್ಲೆಯ ವಾಚಕರಿಗೆ ವರ್ಣಿಸಬೇಕಾಗಿಲ್ಲ. ಕರಿಗುಡ್ಡ ಬಿಳಿಗುಡ್ಡಗಳೆಂಬ ಎರಡು ಹೆಗಲುಗಳ ಆ ಬಂಡೆ ಸಮುದ್ರಮಟ್ಟದಿಂದ 1226 ಮೀಟರು ಎತ್ತರವಿದೆ. ಮಾಗಡಿ ಕೆಂಪೇಗೌಡರ ವಂಶದವರ ಆ ಕೋಟೆಯನ್ನು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಟಿಪ್ಪೂವಿನ ಕಾವಲಿನವರಿಂದ ಹಿಡಿದುಕೊಂಡಾಗ, ಬಿದಿರುಮೆಳೆಗಳ ನಡುವೆ ತೋಪುಗಳನ್ನು ಬುಡದವರೆಗೆ ಎಳೆದು ತರುವುದೇ ಅವರಿಗೆ ದೊಡ್ಡ ಕಷ್ಟವಾಗಿದ್ದಿತು. ಈಗ ಅಲ್ಲಿಗೆ ಟಾರು ರಸ್ತೆಯಿದೆ. ಆದರೂ ತಿರುವುಗಳಿವೆ, ದಿಬ್ಬಗಳಿವೆ, ಮಳೆ ಕೊರೆದ ಗುಂಡಿಗಳಿವೆ.

ಮಾಗಡಿಯನ್ನು ದಾಟಿದ ಮೇಲೆ ಮೊದಲ ದಿಬ್ಬದಲ್ಲಿಯೇ ಹಿಂದಿನಿಂದ ಜರ್ರೆಂಬ ಸದ್ದು ಕೇಳಿಸಿತು. ನನಗೆ ಕೇಳಿಸಿತು, ಮಗನಿಗೂ ಕೇಳಿಸಿರಬೇಕು, ಅವನು ಕಿಟಕಿಯ ಕಡೆಗೆ ಮುಖ ತಿರುಗಿಸಿದನು. ಇಬ್ಬರೂ ಮಾತನಾಡಲಿಲ್ಲ. ಅವನ ಮೊದಲ ಸಂಪಾದನೆಯ ಕಾಣಿಕೆಯಲ್ಲಿ ಕೊರತೆ ಎಣಿಸಲು ನನಗೆ ಮನಸ್ಸಿರಲಿಲ್ಲ. ಒಂದು ದೊಡ್ಡ ತಿರುವಿನಲ್ಲಿ ಸ್ಟೀರಿಂಗನ್ನು ಪೂರಾ ತಿರುಗಿಸಿದಾಗ ಮುಂದಿನಿಂದಲೂ ಅದೇ ಸದ್ದು ಬಂದಿತು. ಆಗ ಅವ್ವ ಹಿಂದಿನಿಂದ, "ಮಗಾ, ಗಾಲಿ ಎಲ್ಲೋ ತಿಕ್ಕುತಾ ಅದೆ. ನಿಲ್ಸಪ್ಪ" ಎಂದರು. ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಹೋಗಿ ಬಂದು ಬೆಳೆದವರು ಅವರು; ಗಾಲಿಯ ಕೂಗಿನಲ್ಲಿ ಯಾವುದು ಎಣ್ಣೆ ಸಾಲದ್ದು, ಯಾವುದು ಮರ ತಿನ್ನುವುದು ಎಂಬುದನ್ನು ಬಲ್ಲವರು.

ನಿಲ್ಲಿಸಿ ಬಗ್ಗಿ ನೋಡಿದೆವು. ಹಿಂದಿನ ಎರಡು ಟೈರುಗಳ ಹೊರಭುಜದ ಮೇಲೆ ಮಡ್‌ಗಾರ್ಡಿನ ಅಂಚು ಬಳೆಯಂತೆ ಸುತ್ತಲೂ ಗೆರೆ ಕೊರೆದಿದ್ದಿತು. ಮುಂದಿನ ಗಾಲಿಯ ಮೇಲಿನ ಪ್ಲಾಸ್ಟಿಕ್ಕಿನ ಒಳಹೊದಿಕೆ ಹರಿದು ತೂಗುತ್ತಿದ್ದಿತು. ಹಿಂದಿನ ಗೆರೆಯೊಂದರಲ್ಲಿ ಉಗುರು ಇಳಿಯುತ್ತಿದ್ದಿತು. ಇನ್ನಷ್ಟು ದೂರ ಅದೇ ವೇಗದಲ್ಲಿ ಹೋಗಿದ್ದರೆ, ಅವ್ವ ಕುಳಿತಿದ್ದ ಪಕ್ಕದಲ್ಲಿಯೇ ಆ ಟೈರು ಒಡೆಯಬಹುದಾಗಿದ್ದಿತು. ನಾನು ಸದ್ದನ್ನು ಕೇಳಿಯೂ ಸುಮ್ಮನಿದ್ದುದು ಆಗ ನನ್ನನ್ನು ಚುಚ್ಚಿತು. ಮೂವರನ್ನು ಆಟೋದಲ್ಲಿ ಮನೆಗೆ ಕಳುಹಿಸಿ, ನಾವಿಬ್ಬರೂ ಬರಿಯ ಬಂಡಿಯನ್ನು ನಿಧಾನವಾಗಿ ಹಿಂದಕ್ಕೆ ತಂದೆವು. ಹರಕೆ ಆ ದಿನ ತೀರಲಿಲ್ಲ.

ಮನೆಗೆ ಬಂದು ಕಾಗದ ಪೆನ್ಸಿಲುಗಳನ್ನು ಹಿಡಿದು ಕುಳಿತೆವು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಅಂಕಿಗಳನ್ನು ಅದುವರೆಗೆ ನಾನು ಓದಿದವನಲ್ಲ. ಹಳೆಯದರ ಮೇಲೆ 165/80 ಆರ್ 14 ಎಂದಿದ್ದಿತು. ಮೊದಲನೆಯದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಆ ಅಗಲದಲ್ಲಿ ಶೇಕಡಾ ಎಷ್ಟು ಪಕ್ಕದ ಗೋಡೆಯ ಎತ್ತರವೆಂಬುದು. ಕಡೆಯದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಲೆಕ್ಕ ಹಾಕಿದರೆ ಹಳೆಯ ಗಾಲಿಯ ಪೂರ್ಣ ವ್ಯಾಸ 619.6 ಮಿಲಿಮೀಟರು. ಹೊಸದು 205/65 ಆರ್ 15. ಅದರ ವ್ಯಾಸ 647.5. ಎಂದರೆ ಗಾಲಿಯು ಅಚ್ಚಿನಿಂದ ಸುತ್ತಲೂ 14 ಮಿಲಿಮೀಟರು ಬೆಳೆದಿದ್ದಿತು. ಅಗಲ 40 ಹೆಚ್ಚಾಗಿ, ಒಳಕ್ಕೆ 20, ಹೊರಕ್ಕೆ 20 ಚಾಚಿದ್ದಿತು. ಇದರ ಮೇಲೆ ಹೊಸ ರಿಮ್ಮಿನ ಆಫ್‌ಸೆಟ್ಟು ಬೇರೆ. ರಿಮ್ಮಿನ ನಡುಗೆರೆಗೂ ಅದು ಗುಂಬಕ್ಕೆ ಕೂರುವ ಮುಖಕ್ಕೂ ಇರುವ ದೂರಕ್ಕೆ ಈ ಹೆಸರು. ಅದು 10 ಮಿಲಿಮೀಟರು ಕಡಮೆಯಾದುದರಿಂದ ಗಾಲಿಯೇ ಅಷ್ಟು ಹೊರಗೆ ಬಂದು ಕುಳಿತಿದ್ದಿತು. ಒಟ್ಟು 30 ಮಿಲಿಮೀಟರು ಹೊರಚಾಚು. ಮಡ್‌ಗಾರ್ಡಿನ ಅಂಚು ಅದಕ್ಕೆ ಎಡೆ ಕೊಡಲಿಲ್ಲ. ವೇಗದ ಮುಳ್ಳೂ ಸುಳ್ಳು ಹೇಳುತ್ತಿದ್ದಿತು: ಅದು 60 ತೋರಿಸುವಾಗ ಬಂಡಿ ಸುಮಾರು 62.7 ಕಿಲೋಮೀಟರು ವೇಗದಲ್ಲಿ ಓಡುತ್ತಿದ್ದಿತು.

"ಅಂಗಡಿಯಲ್ಲಿ ತಿರುಗಿಸಿ ನೋಡಿದ್ದೆ, ಎಲ್ಲಿಯೂ ತಗುಲಲಿಲ್ಲ" ಎಂದನು ಮಗ. ಅವನು ಹೇಳಿದ್ದು ನಿಜ. ಅಲ್ಲಿ ಬಂಡಿ ಬರಿದಾಗಿದ್ದಿತು, ನೆಲ ಸಮವಾಗಿದ್ದಿತು.

ಆ ವಾರ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ನನ್ನ ಹಳೆಯ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆನು. ಮಾತಿನ ನಡುವೆ ಈ ಕಥೆ ಬಂದಿತು. ಅವರು ಅರಗಿನ ಬಣ್ಣ ತೊಟ್ಟ ಒಂದು ಪುಟ್ಟ ಬಂಡಿಯನ್ನು ತೆಗೆದು ಮೇಜಿನ ಮೇಲೆ ಉರುಳಿಸಿದರು, ಸರಾಗವಾಗಿ ಹೋಯಿತು. ಬಳಿಕ ಅದರ ಬೆನ್ನ ಮೇಲೆ ಅಂಗೈಯೂರಿ ಒತ್ತಿ ಉರುಳಿಸಿದರು, ಆಗಲೂ ಹೋಯಿತು. "ಮಗು ಇದನ್ನ ಹೀಗೆ ಒತ್ತಿಯೇ ಆಡೋದು ಸ್ವಾಮಿ. ನಾವು ಎಡೆ ಬಿಡೋದು ಆ ಕೈಗೆ" ಎಂದರು. ನಮ್ಮ ಕಾರಿನ ಮೇಲೂ ಅಂಥ ಕೈ ಇದ್ದಿತು. ಐವರ ಭಾರಕ್ಕೆ ಸ್ಪ್ರಿಂಗು ಕುಗ್ಗುತ್ತದೆ, ಗುಂಡಿಯಲ್ಲಿ ಇನ್ನೂ ಕುಗ್ಗುತ್ತದೆ, ತಿರುವಿನಲ್ಲಿ ಬಂಡಿ ಒಂದು ಪಕ್ಕಕ್ಕೆ ವಾಲುತ್ತದೆ. ಇವೆಲ್ಲ ಒಟ್ಟಿಗೆ ಬಂದಾಗ ಉಳಿಯುವ ಎಡೆಯನ್ನು ನಾವು ಅಳೆದಿರಲಿಲ್ಲ.

ಪರಿಹಾರಗಳನ್ನು ಹೇಳುವವರು ಹಲವರು ಸಿಕ್ಕಿದರು. ಮಡ್‌ಗಾರ್ಡಿನ ಒಳ ಅಂಚನ್ನು ಮಡಿಸಬಹುದೆಂದರು ಒಬ್ಬರು. ಅದು ಆಗುತ್ತದೆ, ಆದರೆ ಬಣ್ಣ ಬಿರಿದರೆ ಆ ಬಿರುಕಿನಿಂದ ತುಕ್ಕು ಹತ್ತುತ್ತದೆ. ಸ್ಪ್ರಿಂಗನ್ನು ಎತ್ತರಿಸಬಹುದೆಂದರು ಇನ್ನೊಬ್ಬರು. ಬಂಡಿಯ ಭಾರದ ನಡುವು ಮೇಲೇರಿ ತಿರುವಿನಲ್ಲಿ ವಾಲುವುದು ಹೆಚ್ಚುತ್ತದೆ. ಗಾಲಿಯ ಹಿಂದೆ ಬಿಲ್ಲೆಯಿಟ್ಟು ಹೊರಕ್ಕೆ ತಳ್ಳುವುದು ಒಳಗೆ ತಗಲುವ ಗಾಲಿಗೆ ಮದ್ದು. ಹೊರಗೆ ತಗಲುವುದನ್ನು ಅದು ಹೆಚ್ಚಿಸುತ್ತದೆ. ಇದಲ್ಲದೆ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಗೊತ್ತುಮಾಡಿದುದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ.

ಕಡೆಗೆ ನಾವು ರಿಮ್ಮುಗಳನ್ನು ಉಳಿಸಿಕೊಂಡು ಟೈರುಗಳನ್ನು ಬದಲಿಸಿದೆವು. 185/65 ಆರ್ 15 ಎಂಬುದು ಇದೇ ಬಂಡಿಯ ಮೇಲ್ದರ್ಜೆಯ ಮಾದರಿಗೆ ತಯಾರಕರೇ ಕೊಡುವ ಅಳತೆ. ವ್ಯಾಸ 621.5, ಹಳೆಯದಕ್ಕಿಂತ ಎರಡು ಮಿಲಿಮೀಟರಿನಷ್ಟೂ ಹೆಚ್ಚಿಲ್ಲ. ರಿಮ್ಮು ದೊಡ್ಡದಾದಷ್ಟು ಟೈರಿನ ಗೋಡೆ ಕುಗ್ಗಿ ಲೆಕ್ಕ ಸರಿಹೋಯಿತು. ಒಳಬದಿಯಲ್ಲಿ ಮೊದಲಿದ್ದಷ್ಟೇ ಎಡೆ. ಹೊರಬದಿಯ ಚಾಚು 30ರಿಂದ 20ಕ್ಕೆ ಇಳಿಯಿತು. ಭಾರ ಹೊರುವ ಅಂಕಿ 85ರ ಬದಲು 88. ಒಂದೊಂದು ಗಾಲಿಗೆ 515 ಕಿಲೋಗ್ರಾಮಿನ ಬದಲು 560.

ಮಗನ ಹಣ ನಷ್ಟವಾಯಿತೆಂಬುದು ನನಗೆ ನೋವಿನ ಸಂಗತಿ. ದಪ್ಪ ಟೈರುಗಳನ್ನು ಕಳಚಿದ ದಿನ ಅವನು ಹೆಚ್ಚು ಮಾತನಾಡಲಿಲ್ಲ. "ಮೊದಲ ಸದ್ದಿಗೇ ನಾನು ನಿಲ್ಲಿಸಬೇಕಾಗಿತ್ತು, ನಿನಗೆ ಬೇಸರವಾದೀತೆಂದು ಸುಮ್ಮನಿದ್ದೆ" ಎಂದೆನು. ಅವನು ಸ್ವಲ್ಪ ಹೊತ್ತು ತಲೆ ತಗ್ಗಿಸಿದ್ದು, "ನಾನೂ ಅದಕ್ಕೇ ಸುಮ್ಮನಿದ್ದೆ ಅಪ್ಪಾ, ನಿಮಗೆ ಬೇಸರವಾದೀತೆಂದು" ಎಂದನು.

ಈ ಸಲ ಪರೀಕ್ಷೆಯನ್ನು ಅವನೇ ನಡೆಸಿದನು. ಮಡ್‌ಗಾರ್ಡುಗಳ ಒಳ ಅಂಚಿಗೆ ಸೀಮೆಸುಣ್ಣ ಬಳಿದನು. ಐದು ಜನರ ತೂಕಕ್ಕೆ ಅಕ್ಕಿಯ ಮೂಟೆಗಳನ್ನು ಸೇರಿಸಿದನು. ಮುಂದಿನ ಎಡಗಾಲಿಯನ್ನೂ ಹಿಂದಿನ ಬಲಗಾಲಿಯನ್ನೂ ದಪ್ಪ ಹಲಗೆಗಳ ಮೇಲೆ ಹತ್ತಿಸಿ ಸ್ಟೀರಿಂಗನ್ನು ಎರಡು ಕಡೆಗೂ ಕೊನೆಯವರೆಗೆ ತಿರುಗಿಸಿದನು. ಬಳಿಕ ಬಲಕ್ಕೆ ಎಡವನ್ನು ಬದಲಿಸಿ ಮತ್ತೆ ನೋಡಿದನು. ಸುಣ್ಣ ಎಲ್ಲಿಯೂ ಅಳಿಸಲಿಲ್ಲ.

ಆಮೇಲೆ ಬಂದ ಸೋಮವಾರ ಅವ್ವನನ್ನು ಕರೆದುಕೊಂಡು ಮತ್ತೆ ಹೊರಟೆವು. ಮಾಗಡಿಯ ಆಚೆಯ ದಿಬ್ಬ ಬಂದಾಗ ಮೂವರೂ ಕಿವಿಗೊಟ್ಟೆವು. ಗುಡಿಯಲ್ಲಿ ಹರಕೆ ತೀರಿತು. ಅವ್ವ ಹೊರಗೆ ಬಂದು, ಬಂಡಿ ಹತ್ತುವ ಮುನ್ನ ಹಿಂದಿನ ಗಾಲಿಯ ಮೇಲಿನ ಎಡೆಯೊಳಕ್ಕೆ ನಾಲ್ಕು ಬೆರಳು ತೂರಿಸಿ ನೋಡಿದರು. ಬೆರಳಿಗೆ ಹತ್ತಿದ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡು, "ನಡೀರಿ" ಎಂದರು.