ಗಾಡಿಯವನು ಉಂಡನೆ?

ಸದ್ಭಕ್ತರೆ, ಮಠಾಧಿಪತಿಯೊಬ್ಬರು ಹಾಟ್‌ಡಾಗ್ ಮಾರುವ ಅಂಗಡಿಯಲ್ಲಿ ಕುಳಿತು ಉಂಡರೆಂದು ಕೇಳಿದರೆ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾದೀತು, ಕೆಲವರಿಗೆ ಬೇಸರವೂ ಆದೀತು. ಆ ಮಠಾಧಿಪತಿ ನಾವೇ. ಅನ್ಯರ ಬಾಯಿಂದ ಅರ್ಧಂಬರ್ಧ ಕೇಳುವುದಕ್ಕಿಂತ ನಮ್ಮಿಂದಲೇ ಪೂರ್ಣವಾಗಿ ತಿಳಿಯುವುದು ಲೇಸೆಂದು ಇದನ್ನು ಬರೆಯುತ್ತಿದ್ದೇವೆ. ಆದರೆ ನಾವು ಒಪ್ಪಿಕೊಳ್ಳಬೇಕಾದ ತಪ್ಪು ಆ ಅಂಗಡಿಯ ಒಳಗೆ ನಡೆದುದಲ್ಲ, ಅದಕ್ಕೆ ಮೊದಲು ನಡೆದುದು.

2016ರಲ್ಲಿ ಭಕ್ತರ ಆಹ್ವಾನದ ಮೇರೆಗೆ ಅಮೆರಿಕೆಗೆ ಹೋಗಿದ್ದೆವು. ವಾಷಿಂಗ್ಟನ್ ನಗರದ ಹೊರವಲಯದಲ್ಲಿ ಭಕ್ತರೊಬ್ಬರ ಮನೆಯಲ್ಲಿ ಬಿಡಾರ. ಒಂದು ದಿನ ಊರು ತೋರಿಸಲೆಂದು ಅವರು ಬಾಡಿಗೆಯ ಕಾರನ್ನು ಗೊತ್ತುಮಾಡಿದರು. ಚಾಲಕರು ಅರವತ್ತರ ಆಸುಪಾಸಿನ ಕರಿಯ ಜನಾಂಗದ ಗೃಹಸ್ಥರು, ಮಿತಭಾಷಿ. ಬೆಳಗಿನ ಪೂಜೆ ಪ್ರಸಾದ ಮುಗಿಸಿ ಹೊರಟೆವು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ಲಕ್ಷಾಂತರ ಜನರನ್ನು ಉದ್ದೇಶಿಸಿ ಮಾತನಾಡಿದ ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು, ಮಾನವರ ಸಮಾನತೆಯನ್ನು ಕುರಿತು ಜೊತೆಯಲ್ಲಿದ್ದವರಿಗೆ ಅರ್ಧ ಗಂಟೆ ಉಪದೇಶವನ್ನೂ ಮಾಡಿದೆವು. ಮಧ್ಯಾಹ್ನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಚಪಾತಿ, ಪಲ್ಯ, ಮೊಸರನ್ನ ಉಂಡೆವು. ಚಾಲಕರು ದೂರದಲ್ಲಿ ಕಾರಿನಲ್ಲಿಯೇ ಕುಳಿತಿದ್ದರು.

ನಾಲ್ಕು ಗಂಟೆಯ ಹೊತ್ತಿಗೆ ಅವರು ಎರಡನೆಯ ಸಲ ನೀರಿನ ಬಾಟಲಿಯನ್ನು ಎತ್ತಿ ಕುಡಿದಾಗ ನಮಗೆ ತಟ್ಟನೆ ಹೊಳೆಯಿತು. “ನೀವು ಊಟ ಮಾಡಿದಿರಾ?” ಎಂದು ಕೇಳಿದೆವು. “ಬೆಳಿಗ್ಗೆ ಕಾಫಿ ಕುಡಿದಿದ್ದೇನೆ. ನಿಮ್ಮನ್ನು ಮನೆಗೆ ಬಿಟ್ಟ ಮೇಲೆ ಉಂಡರಾಯಿತು” ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ದೂರಿದ್ದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ನಮ್ಮ ಮಠದ ಪ್ರಸಾದನಿಲಯದಲ್ಲಿ ಬೆಳೆದವರಿಗೆ ಹಿರಿಯ ಶ್ರೀಗಳವರ ವಾಡಿಕೆ ನೆನಪಿರಬಹುದು. ಸೌದೆಯ ಗಾಡಿ ಬಂದ ದಿನ ಅವರು ಪ್ರಸಾದಕ್ಕೆ ಕುಳಿತುಕೊಳ್ಳುವ ಮುನ್ನ ತಪ್ಪದೆ ಕೇಳುತ್ತಿದ್ದ ಮಾತು ಒಂದೇ: “ಗಾಡಿಯವನು ಉಂಡನೆ?” ಇಲ್ಲವೆಂದರೆ ಅವನು ಬಂದು ಕೂರುವ ತನಕ ತಟ್ಟೆಗೆ ಕೈ ಹಚ್ಚುತ್ತಿರಲಿಲ್ಲ. ಆ ಮಾತನ್ನು ನೂರು ಸಲ ಕೇಳಿದ ನಾವು, ವಿಶ್ವವಿದ್ಯಾನಿಲಯದ ಪದವಿಯನ್ನೂ ಪಡೆದ ನಾವು, ಸಮಾನತೆಯ ಉಪದೇಶ ಮಾಡಿ ಬಂದು ಗಾಡಿಯವನನ್ನೇ ಮರೆತಿದ್ದೆವು.

“ನೀವು ಎಂದಿನಂತೆ ಉಣ್ಣುವ ಸ್ಥಳಕ್ಕೆ ಈಗಲೇ ಹೋಗೋಣ” ಎಂದೆವು. ಅವರು ಹೆಸರು ಹೇಳಿದೊಡನೆ ನಮ್ಮ ಭಕ್ತರು ಗಾಬರಿಗೊಂಡು, “ಬುದ್ಧಿ, ಅದು ಮಾಂಸದ ಅಂಗಡಿ. ಅವರು ಉಂಡು ಬರಲಿ, ತಾವು ಕಾರಿನಲ್ಲಿ ಇರಬಹುದು” ಎಂದರು. ಒಂದು ಕ್ಷಣ ನಮಗೂ ಹಾಗೆಯೇ ತೋರಿತು. ಆದರೆ ಮಧ್ಯಾಹ್ನ ಅವರನ್ನು ಹೊರಗಿರಿಸಿ ಉಂಡವರು ನಾವು. ಈಗ ಅವರು ಉಣ್ಣುವಾಗ ನಾವೇ ಹೊರಗುಳಿದರೆ ಆ ತಪ್ಪು ಎರಡನೆಯ ಸಲ ನಡೆದಂತಾಗುತ್ತಿತ್ತು.

ಅದು ಯು ಸ್ಟ್ರೀಟ್ ಎಂಬ ಬೀದಿಯ ‘ಬೆನ್ಸ್ ಚಿಲ್ಲಿ ಬೌಲ್’. ಹಿಂದೆ ಮೂಕಿ ಚಿತ್ರಮಂದಿರವಾಗಿದ್ದ ಕಟ್ಟಡದಲ್ಲಿ ಬೆನ್ ಅಲಿ ಮತ್ತು ಮುಂದೆ ಅವರ ಪತ್ನಿಯಾದ ವರ್ಜೀನಿಯ ಎಂಬವರು 1958ರ ಆಗಸ್ಟ್‌ನಲ್ಲಿ ತೆರೆದ ಅಂಗಡಿ. ಬೆನ್ ಅಲಿಯವರು ವೆಸ್ಟ್ ಇಂಡೀಸಿನ ಟ್ರಿನಿಡಾಡಿನಿಂದ ಓದಲು ಬಂದವರು. ಅವರ ಪೂರ್ವಿಕರ ಮೂಲ ನಮ್ಮ ದೇಶವೇ. ಹಾಟ್‌ಡಾಗ್ ಎಂದರೆ ಉದ್ದನೆಯ ಬನ್ನಿನ ನಡುವೆ ಇಟ್ಟ ಮಾಂಸದ ಸಾಸೇಜ್. ಇಲ್ಲಿ ಅದನ್ನೇ ಹೋಲುವ, ಹಂದಿ ಮತ್ತು ದನದ ಮಾಂಸ ಬೆರೆಸಿ ಹೊಗೆಯಲ್ಲಿ ಹದಗೊಳಿಸಿದ ಸಾಸೇಜಿನ ಮೇಲೆ ಸಾಸಿವೆ, ಈರುಳ್ಳಿ, ಖಾರದ ಚಿಲ್ಲಿ ಸುರಿದು ಕೊಡುವುದು ಪ್ರಸಿದ್ಧ. ಬೆನ್ ಅಲಿಯವರು ಮುಸ್ಲಿಮರು. ಹಂದಿಮಾಂಸ ಅವರ ಧರ್ಮಕ್ಕೆ ನಿಷಿದ್ಧ. ಆದರೂ ತಮ್ಮ ನಿಷೇಧವನ್ನು ಅವರು ಬಂದವರ ತಟ್ಟೆಯ ಮೇಲೆ ಹೇರಲಿಲ್ಲ.

ಕೆಂಪು ಸ್ಟೂಲುಗಳ ಸಾಲನ್ನು ದಾಟಿ ಒಂದು ಮೂಲೆಯಲ್ಲಿ ಕುಳಿತೆವು. ಕಾವಿಯನ್ನು ಒಂದಿಬ್ಬರು ನೋಡಿ ನಕ್ಕು ತಲೆಬಾಗಿಸಿದರು, ಮತ್ತಾರೂ ಗಮನಿಸಲಿಲ್ಲ. ಚಾಲಕರೇ ವಿಚಾರಿಸಿ, ಮಾಂಸ ಬೆರೆಯದ ಕಾಳಿನ ಚಿಲ್ಲಿಯೂ ಇಲ್ಲಿ ದೊರೆಯುವುದೆಂದು ಹೇಳಿ ಒಂದು ಬಟ್ಟಲು ತಂದರು. ನಮ್ಮ ಭಕ್ತರು ಹಣ ತೆಗೆಯಹೋದರೆ, “ಇಲ್ಲಿ ನೀವು ನನ್ನ ಅತಿಥಿಗಳು” ಎಂದು ತಡೆದರು. ಇಷ್ಟಲಿಂಗವನ್ನು ಸ್ಮರಿಸಿ ಉಂಡೆವು. ಟೊಮೇಟೊ ಹುಳಿ, ಮೆಣಸಿನ ಪುಡಿ, ಬೆಂದ ಕಾಳು. ನಮ್ಮ ಹುರುಳಿಯ ಗಟ್ಟಿ ಸಾರಿನ ದೂರದ ನೆಂಟನಂತಿತ್ತು. ಒಂದು ಮುದ್ದೆಯಿದ್ದರೆ ಸರಿಯಾಗುತ್ತಿತ್ತು.

ಹೊಟ್ಟೆ ತುಂಬಿದ ಮೇಲೆ ಅವರ ಮಾತು ತೆರೆಯಿತು. 1968ರ ಏಪ್ರಿಲ್ 4ರಂದು ಕಿಂಗ್ ಅವರ ಹತ್ಯೆಯಾದಾಗ ಅವರಿಗೆ ಹನ್ನೆರಡು ವರ್ಷ. ಆ ರಾತ್ರಿಯೇ ಈ ಬೀದಿಯ ಸುತ್ತ ದುಃಖವು ಕ್ರೋಧವಾಗಿ, ಅಂಗಡಿಗಳು ಹೊತ್ತಿ ಉರಿದವು. ನಗರಕ್ಕೆ ಕರ್ಫ್ಯೂ ವಿಧಿಸಿದರೂ ಹೋರಾಟದ ಮುಂದಾಳು ಸ್ಟೋಕ್ಲಿ ಕಾರ್ಮೈಕೇಲ್ ಅವರ ಕೋರಿಕೆಯಂತೆ ಈ ಅಂಗಡಿ ತೆರೆದಿರಲು ಅನುಮತಿ ದೊರೆಯಿತು. ದಂಪತಿಗಳು ಕಿಟಕಿಯ ಗಾಜಿನ ಮೇಲೆ ‘ಸೋಲ್ ಬ್ರದರ್’ ಎಂದು ಬರೆದರು. ಆತ್ಮಬಂಧು ಎಂದು ಅರ್ಥ ಹೇಳಬಹುದು. ಬೀದಿಗಿಳಿದ ಹೋರಾಟಗಾರರೂ ಅವರನ್ನು ತಡೆಯಬಂದ ಪೊಲೀಸರೂ ಬೆಂಕಿ ಆರಿಸುವವರೂ ಇಲ್ಲಿಯೇ ಉಂಡರು. ಅಗ್ನಿಶಾಮಕ ದಳದಲ್ಲಿದ್ದ ತಮ್ಮ ತಂದೆ, ಮನೆಗೆ ಬರಲಾಗದ ಆ ದಿನಗಳಲ್ಲಿ ಇಲ್ಲಿಯ ಬಟ್ಟಲಿನಿಂದಲೇ ಜೀವ ಹಿಡಿದರೆಂದು ಚಾಲಕರು ಹೇಳಿದರು.

ಗಲಭೆಯ ಬಳಿಕ ಬೀದಿ ಬರಡಾಯಿತು. 1980ರ ದಶಕದ ಕೊನೆಯಲ್ಲಿ ಸುರಂಗ ರೈಲಿಗಾಗಿ ರಸ್ತೆಯನ್ನೇ ಅಗೆದರು. ಸುತ್ತಲಿನ ಅನೇಕ ಅಂಗಡಿಗಳು ಮುಚ್ಚಿದವು, ಇದು ಮುಚ್ಚಲಿಲ್ಲ. 2009ರ ಜನವರಿಯಲ್ಲಿ ಅಧ್ಯಕ್ಷಪದವಿ ಸ್ವೀಕರಿಸಲಿದ್ದ ಬರಾಕ್ ಒಬಾಮ ಅವರು ಬಂದು ಇಲ್ಲಿ ಉಂಡರು. ಅದೇ ವರ್ಷ ಅಕ್ಟೋಬರಿನಲ್ಲಿ ಬೆನ್ ಅಲಿಯವರು ತೀರಿಕೊಂಡರು.

ಹೊರಡುವಾಗ ಚಾಲಕರಿಗೆ, “ಮಧ್ಯಾಹ್ನ ನಿಮ್ಮನ್ನು ಕರೆಯದೆ ಉಂಡೆವು, ಕ್ಷಮಿಸಬೇಕು” ಎಂದೆವು. ಅವರು ಕಾರಿನ ಬಾಗಿಲು ತೆರೆಯುತ್ತ, “ಈಗ ಜೊತೆಯಲ್ಲಿ ಉಂಡೆವಲ್ಲ” ಎಂದರಷ್ಟೆ.

ಆ ಅಂಗಡಿಯಲ್ಲಿ ಕುಳಿತುದು ಸರಿಯೇ ಎಂದು ಕೇಳುವ ಹಿರಿಯರಿಗೆ ನಮ್ಮ ಉತ್ತರ ಇಷ್ಟೆ. ನಮ್ಮ ಆಹಾರನಿಯಮಕ್ಕೆ ಅಂದು ಭಂಗ ಬಂದದ್ದು ಬಟ್ಟಲಿನ ಚಿಲ್ಲಿಯಿಂದಲ್ಲ, ಮರದ ನೆರಳಿನ ಮೊಸರನ್ನದಿಂದ. ಹಿಂದಿರುಗಿದ ಮೇಲೆ ಮಠದಲ್ಲಿ ಒಂದು ಏರ್ಪಾಡು ಮಾಡಿದ್ದೇವೆ: ದರ್ಶನಕ್ಕೆ ಬರುವವರ ವಾಹನಗಳ ಬಳಿಗೆ ಸೇವಕನೊಬ್ಬನು ಹೋಗಿ ಚಾಲಕರನ್ನು ಪ್ರಸಾದಕ್ಕೆ ಕರೆತರುತ್ತಾನೆ. ಅವರು ಕುಳಿತ ಸುದ್ದಿ ಬರುವವರೆಗೆ ನಾವು ಕುಳಿತುಕೊಳ್ಳುವುದಿಲ್ಲ.

ಮಠದ ಅನ್ನವುಂಡು ಓದಿದ ಮಕ್ಕಳೆ, ನಿಮ್ಮಲ್ಲಿ ಬಹಳ ಮಂದಿ ಇಂದು ಕಾರಿನ ಹಿಂದಿನ ಆಸನದಲ್ಲಿ ಕುಳಿತುಕೊಳ್ಳುವಷ್ಟು ಬೆಳೆದಿದ್ದೀರಿ, ನಮಗೆ ಸಂತೋಷ. ಮುಂದಿನ ಮದುವೆಮನೆಯಲ್ಲಿ ಎಲೆಯ ಮುಂದೆ ಕುಳಿತಾಗ ಹಿರಿಯ ಶ್ರೀಗಳವರ ಆ ಒಂದು ಪ್ರಶ್ನೆಯನ್ನು ಕೇಳಿರಿ. ಉತ್ತರ ಬಂದ ಮೇಲೆ ಉಣ್ಣಿರಿ.