ಕಾಕ ತಂದ ಗೂಡ್ಸ್ ಇಂಜಿನ್

ಕಾಕ ಗಲ್ಫ್ ಬಿಟ್ಟು ಬಂದ ದಿನ ಪೆಟ್ಟಿಗೆ ಬಿಚ್ಚುವಾಗ ಮನೆಯವರೆಲ್ಲ ಸುತ್ತ ಕುಳಿತಿದ್ದೆವು. ಟ್ಯಾಂಗ್, ಅತ್ತರು, ಮಕ್ಕಳ ಚಾಕೊಲೇಟ್ ಎಲ್ಲ ಹಂಚಿ ಮುಗಿದ ಮೇಲೆ ತಳದಲ್ಲಿ ಟವೆಲ್ ಸುತ್ತಿದ ಒಂದು ಉದ್ದನೆಯ ಡಬ್ಬ ಉಳಿಯಿತು. ಒಳಗೆ ಕಪ್ಪು ಬಣ್ಣದ ರೈಲು ಇಂಜಿನ್. ಟೆಂಡರ್ ಸೇರಿ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು.

"ಇದು ಯಾರಿಗೆ?" ತಾತ ಕೇಳಿದಳು.

"ನನಗೆ" ಅಂದರು ಕಾಕ.

"ಈ ಪ್ರಾಯದಲ್ಲಿ ಆಟದ ರೈಲಾ ಕಾಕ? ಎಷ್ಟು ಕೊಟ್ಟಿರಿ?" ಎಂದು ಕೇಳಿದವನು ನಾನು. ಅವರು ನಕ್ಕು ಅದನ್ನು ಡಬ್ಬದೊಳಗೆ ಇಟ್ಟುಬಿಟ್ಟರು. 31 ವರ್ಷ ಗ್ರೋಸರಿಯಲ್ಲಿ ನಿಂತು ದುಡಿದವರು. ನನ್ನ ಓದು, ತಾತಳ ಮದುವೆ, ನಾವು ಆಗ ಕುಳಿತಿದ್ದ ಮನೆಯ ತಾರಸಿ, ಎಲ್ಲ ಅವರದೇ ದುಡ್ಡು. ಅಂಥವರಲ್ಲಿ ನಾನು ಲೆಕ್ಕ ಕೇಳಿದ್ದೆ.

ಇಂಜಿನ್ ಯಾಕೆಂದು ನನಗೆ ಗೊತ್ತಿರಬೇಕಿತ್ತು. ನಾವು ಸಣ್ಣವರಿದ್ದಾಗ ಬಾಪ ಸೇಲಂನ ಶೆವ್ವಾಪೇಟೆಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ದೊಡ್ಡ ರಜೆಯಲ್ಲಿ ಉಮ್ಮ ನಮ್ಮನ್ನು ಮಂಗಳೂರಿನಿಂದ ಮದ್ರಾಸ್ ಮೈಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಷೊರನೂರು, ಪಾಲಕ್ಕಾಡ್, ಈರೋಡ್ ದಾಟಿ ಸೇಲಂ ಬರುವಾಗ ನಾನು ಉಮ್ಮನ ಮಡಿಲಲ್ಲಿ ನಿದ್ದೆ. ಕಾಕ ಮಾತ್ರ ಕಿಟಕಿಯಲ್ಲಿ, ಕಣ್ಣಿಗೆಲ್ಲ ಕಲ್ಲಿದ್ದಲ ಕಿಟ್ಟ. ಜಂಕ್ಷನ್ ಇರುವುದು ಪೇಟೆಯಿಂದ ದೂರ, ಸೂರಮಂಗಲದಲ್ಲಿ. ಸಂಜೆ ಬಾಪ ನಮ್ಮನ್ನು ಅಲ್ಲಿಗೆ ಗೂಡ್ಸ್ ಗಾಡಿ ನೋಡಲು ಕರೆದೊಯ್ಯುತ್ತಿದ್ದರು. ಕಾಕನಿಗೆ ಪ್ರೀತಿ ಡಬ್ಲ್ಯೂಜಿ ಎಂಬ ಇಂಜಿನ್ ಮೇಲೆ. ದೊಡ್ಡವನಾದ ಮೇಲೆ ಡ್ರೈವರ್ ಆಗುತ್ತೇನೆ ಅನ್ನುತ್ತಿದ್ದರು. ಆದರೆ ಕೈಗೆ ಸಿಕ್ಕಿದ್ದು ಪಾಸ್‌ಪೋರ್ಟ್.

ತಪ್ಪು ತಿದ್ದಿಕೊಳ್ಳಲು ಗೊತ್ತಾಗದೆ, "ಒಮ್ಮೆ ಸೇಲಂಗೆ ಹೋಗಿ ಬರುವನಾ?" ಎಂದೆ. ಅವರು ಡಬ್ಬವನ್ನೂ ಹಿಡಿದುಕೊಂಡೇ ರೈಲು ಹತ್ತಿದರು.

"ಇದು ಡಬ್ಲ್ಯೂಜಿ ಅಲ್ಲ ಮೋನೆ. ಅದು ಎಲ್ಲೂ ಸಿಗಲಿಲ್ಲ. ಇದು ಇಂಗ್ಲೆಂಡಿನ 8ಎಫ್" ಎಂದು ದಾರಿಯಲ್ಲಿ ಹೇಳತೊಡಗಿದರು. 8 ಅಂದರೆ ಶಕ್ತಿಯ ದರ್ಜೆ, ಎಫ್ ಅಂದರೆ ಫ್ರೈಟ್. ಸ್ಟೇನಿಯರ್ ಎಂಬ ಎಂಜಿನಿಯರ್ 1935ರಲ್ಲಿ ತಂದದ್ದು. ಒಟ್ಟು 852 ಮಾಡಿದರು. ಹಲವು ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಾರ್ಖಾನೆಯಲ್ಲಿ ಆದವು. ನಮ್ಮ ಡಬ್ಲ್ಯೂಜಿಯ ಮೊದಲ ತಂಡವೂ 1950ರಲ್ಲಿ ಅಲ್ಲಿಂದಲೇ ಬಂತು, ಆಮೇಲೆ ಚಿತ್ತರಂಜನ್‌ನಲ್ಲಿ ಶುರುವಾಯಿತು. ಎರಡಕ್ಕೂ ಎಂಟೆಂಟು ದೊಡ್ಡ ಚಕ್ರ. ಡಬ್ಲ್ಯೂಜಿಗೆ ಡ್ರೈವರ್ ನಿಲ್ಲುವ ಜಾಗದ ಕೆಳಗೆ ಎರಡು ಸಣ್ಣ ಚಕ್ರ ಹೆಚ್ಚು.

"ಎರಡನೇ ಯುದ್ಧದಲ್ಲಿ ಇವನ್ನು ಹಡಗಿಗೆ ಹಾಕಿ ಇರಾನ್, ಇರಾಕ್, ಈಜಿಪ್ಟಿಗೆಲ್ಲ ಕಳಿಸಿದರು. ಕೆಲವು ದಾರಿಯಲ್ಲೇ ಸಮುದ್ರದ ಪಾಲು. ಇರಾನಿನಲ್ಲಿ ಕಲ್ಲಿದ್ದಲು ಬಿಡಿಸಿ ಎಣ್ಣೆಯಲ್ಲಿ ಓಡಿಸಿದರು. ಯುದ್ಧ ಮುಗಿದ ಮೇಲೆ ಕೆಲವು ಊರಿಗೆ ಬಂದವು, ಕೆಲವು ಬರಲೇ ಇಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಹಾಗೆಯೇ. ವೀಸಾದ ರಗಳೆ ಒಂದು ಇರಲಿಲ್ಲ" ಅಂದರು.

ಸೇಲಂನಲ್ಲಿ ಈಗ ತಲೆಯ ಮೇಲೆಲ್ಲ ಕರೆಂಟಿನ ತಂತಿ. ನಾವು ನಿಲ್ಲುತ್ತಿದ್ದ ಜಾಗ ಯಾವುದೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಮರುದಿನ ಪ್ಯಾಸೆಂಜರ್ ಹಿಡಿದು ಧರ್ಮಪುರಿ ಜಿಲ್ಲೆಯ ಮೊರಪ್ಪೂರಿಗೆ ಹೋದೆವು. ಮದ್ರಾಸಿಗೆ ಹೋಗುವ ನಮ್ಮವರೆಲ್ಲ ನಿದ್ದೆಯಲ್ಲಿ ದಾಟುವ ಸ್ಟೇಷನ್ ಅದು. ಅಲ್ಲಿಂದ 1906ರಲ್ಲಿ ಧರ್ಮಪುರಿಗೆ, 1913ರಲ್ಲಿ ಹೊಸೂರಿನವರೆಗೆ ಎರಡೂವರೆ ಅಡಿಯ ಸಣ್ಣ ರೈಲು ಇತ್ತು. ಬರಗಾಲದಲ್ಲಿ ಧಾನ್ಯ ಸಾಗಿಸಲೆಂದು ಹಾಕಿದ ಹಳಿ. ಅದೇ ಯುದ್ಧದ ಕಾಲದಲ್ಲಿ, 1941ರಲ್ಲಿ, ಅದನ್ನು ಮುಚ್ಚಿ ಹಳಿ ಕಿತ್ತರು.

ಕಾಕ ಇಂಜಿನನ್ನು ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಇಟ್ಟರು. ಒಬ್ಬ ಹುಡುಗ ಬಂದು ಕುಕ್ಕರುಗಾಲಲ್ಲಿ ಕುಳಿತು, ಓಡುತ್ತದಾ ಎಂದು ತಮಿಳಿನಲ್ಲಿ ಕೇಳಿದ. ಇಲ್ಲ ಅಂದರು. ನನಗೂ ಅದು ಗೊತ್ತಿರಲಿಲ್ಲ.

"ಕೆಟ್ಟಿದೆಯಾ ಕಾಕ?"

"ಇಲ್ಲಪ್ಪ. ಹಳಿ, ಕಂಟ್ರೋಲರ್ ಬೇರೆ ತೆಗೆದುಕೊಳ್ಳಬೇಕು. ಆ ತಿಂಗಳು ನಿನ್ನ ಮಗಳ ಫೀಸ್ ಇತ್ತಲ್ಲ."

ಗೂಡ್ಸ್ ಒಂದು ಬಂತು. ಅವರು ಡಬ್ಬಿ ಎಣಿಸಿದರು. ನಾನು ಎಣಿಸಲಿಲ್ಲ.

ಊರಿಗೆ ಬಂದ ಮೇಲೆ ಹಳಿ ತರಿಸಿದ್ದು ನನ್ನ ಮಗಳು. ಊಟದ ಮೇಜಿನ ಮೇಲೆ ಸುತ್ತ ಜೋಡಿಸಿದೆವು. ಎರಡು ಹಳಿಗಳ ನಡುವೆ 16.5 ಮಿಲಿಮೀಟರ್. ಇಂಜಿನ್ ಅಸಲಿನ 76ನೇ ಒಂದು ಪಾಲು, ಆ ಲೆಕ್ಕಕ್ಕೆ ಸುಮಾರು 18.8 ಇರಬೇಕು, ಇಂಗ್ಲಿಷಿನವರು ಮೊದಲಿನಿಂದಲೂ ಹೀಗೆಯೇ ಎಂದು ಕಾಕ ದೂರಿದರು. ಆದರೂ ಗುಂಡಿ ತಿರುಗಿಸುವಾಗ ಕೈ ನಡುಗುತ್ತಿತ್ತು. ಅತ್ತಿಗೆ ಅನ್ನದ ಪಾತ್ರೆ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲೇ ನಿಂತರು.

ನಾಲ್ಕು ಸುತ್ತು ಆಯಿತು. ತಾತ ಬಗ್ಗಿ ನೋಡಿ, "ಬರೀ ಇಂಜಿನ್ ಮಾತ್ರವಾ? ಹಿಂದೆ ಡಬ್ಬಿ ಇಲ್ಲವಾ?" ಎಂದಳು.

"ಮುಂದಿನ ತಿಂಗಳು" ಅಂದರು ಕಾಕ.