ಹುಲ್ಲುಗುಡ್ಡದ ಮೇಲೊಂದು ವಾದ

ತಾಳವಾಡಿಯವರಾದ ನಮಗೆ ಉದಕಮಂಡಲಕ್ಕೆ ಹೋಗುವುದೆಂದರೆ ತಮಿಳುನಾಡಿನಿಂದ ಹೊರಟು, ಕರ್ನಾಟಕವನ್ನು ಹಾದು, ಮರಳಿ ತಮಿಳುನಾಡನ್ನೇ ಸೇರುವುದು. ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು, ಮಸಿನಗುಡಿಗಳನ್ನು ದಾಟಿ ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ಏರಿದರೆ ಗಾಳಿಯ ರುಚಿಯೇ ಬೇರೆಯಾಗುತ್ತದೆ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರಕ್ಕೆ ನಿಷೇಧವಿರುವುದರಿಂದ, ಗೇಟು ತೆರೆಯುವ ಹೊತ್ತಿಗೆ ಸರಿಯಾಗಿ ಅಲ್ಲಿರುವಂತೆ ನಸುಕಿನಲ್ಲೇ ಹೊರಟೆವು.

ಈ ಸಲದ ಪ್ರಯಾಣ ವಿಹಾರಕ್ಕಾಗಿರಲಿಲ್ಲ. ನಮ್ಮ ಅಕ್ಕನನ್ನು ಊಟಿಗೆ ಕೊಟ್ಟು ನಲವತ್ತು ವರ್ಷವಾಯಿತು. ಭಾವನವರು ಹುಡುಗನಾಗಿದ್ದಾಗಿನಿಂದ ಅಲ್ಲಿಯ ಗಾಲ್ಫ್ ಮೈದಾನದಲ್ಲಿ ಕ್ಯಾಡಿಯಾಗಿ ದುಡಿದವರು. ಆಟಗಾರರ ಕೋಲುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಚೆಂಡು ಹುಡುಕಿ, ಯಾವ ದೂರಕ್ಕೆ ಯಾವ ಕೋಲು ಎಂದು ಹೇಳಿ ಮೂರು ಮಕ್ಕಳನ್ನು ಸಾಕಿದವರು. ಕಿರಿಯ ಮಗ ಅದೇ ಆಟವನ್ನು ಹಿಡಿದು, ವೃತ್ತಿಪರರ ಅರ್ಹತಾ ಸ್ಪರ್ಧೆಗೆ ಸಿದ್ಧನಾಗಲೆಂದು ಒಂದು ವರ್ಷದಿಂದ ಬೆಂಗಳೂರಿನಲ್ಲಿ ಶಿಕ್ಷಣ ಪಡೆಯುತ್ತಿದ್ದಾನೆ. ಅವನು ರಜೆಗೆ ಬಂದಾಗ ತಂದೆಮಕ್ಕಳಿಗೆ ಜಗಳ ಹತ್ತಿಕೊಂಡಿತ್ತು. ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಕೋಲು ಬೀಸುವುದು ಹೇಗೆ ಅಂತ ಹದಿನೈದು ದಿನದಿಂದ ಇಬ್ಬರೂ ಮಾತು ಬಿಟ್ಟಿದ್ದಾರೆ ಕಣೋ. ನೀನು ಬಂದು ತೀರಿಸು.” ಜನ್ಮದಲ್ಲಿ ಆ ಕೋಲನ್ನು ಮುಟ್ಟದ ನಾವು ಹೀಗೆ ನ್ಯಾಯಾಧೀಶರಾದೆವು.

ತಲೈಕುಂದಾ ಕಳೆದು, ಈಗ ಮುಚ್ಚಿಹೋಗಿರುವ ಫಿಲ್ಮ್ ಕಾರ್ಖಾನೆಯ ನೆರೆಯನ್ನು ದಾಟಿ, ಫಿಂಗರ್‌ಪೋಸ್ಟ್‌ಗೆ ಬಂದರೆ ಊಟಿ ಜಿಮ್‌ಖಾನಾ ಕ್ಲಬ್ಬಿನ ಹದಿನೆಂಟು ಕುಳಿಗಳ ಮೈದಾನ. ಮೈದಾನವೆಂಬ ಮಾತು ಇದಕ್ಕೆ ಒಪ್ಪದು. 1891ರಿಂದ 1896ರವರೆಗೆ ಮದರಾಸಿನ ಗವರ್ನರಾಗಿದ್ದ ವೆನ್‌ಲಾಕ್ ಪ್ರಭುವಿನ ಹೆಸರನ್ನು ಹೊತ್ತ ಈ ಹುಲ್ಲುಗುಡ್ಡಗಳಲ್ಲಿ ಸಮತಟ್ಟಾದ ನೆಲವೇ ಅಪರೂಪ. ಒಂದು ದಿಬ್ಬ ಇಳಿಯುವುದರೊಳಗೆ ಇನ್ನೊಂದು ಏಳುತ್ತದೆ. ಮಡಿಕೆಗಳಲ್ಲಿ ಶೋಲೆಯ ಕಪ್ಪು ಹಸಿರು, ಅಂಚಿನಲ್ಲಿ ನೀಲಗಿರಿ ಮರಗಳ ಸಾಲು, ಅಲ್ಲಲ್ಲಿ ಬಿಳಿಯರು ತಮ್ಮ ದೇಶದಿಂದ ತಂದು ಹಬ್ಬಿಸಿದ ಹಳದಿ ಹೂವಿನ ಮುಳ್ಳುಪೊದೆ. ಆ ಪೊದೆಯೊಳಕ್ಕೆ ಹೊಕ್ಕ ಚೆಂಡನ್ನು ಹೆಕ್ಕಿದ ಕೈಗಳ ಗೀರುಗಳನ್ನು ಭಾವನವರು ಇಂದಿಗೂ ತೋರಿಸುತ್ತಾರೆ. ಸ್ಕಾಟ್ಲೆಂಡಿನ ಕಡಲಂಚಿನ ಆಟವನ್ನು ತೋಡರ ಎಮ್ಮೆ ಮೇಯುತ್ತಿದ್ದ ನಾಡಿಗೆ ತಂದಿಟ್ಟವರ ಹಂಬಲ ಎಂಥದಿದ್ದೀತೆಂದು ಅಲ್ಲಿ ನಿಂತಾಗ ಅನಿಸದಿರದು. ಯಾರ ಮೇವು ಹೋಗಿ ಯಾರ ಆಟವಾಯಿತೆಂಬ ಪ್ರಶ್ನೆಯೂ ಏಳುತ್ತದೆ; ಅದು ಇನ್ನೊಂದು ಲೇಖನದ ವಸ್ತು.

ಸದಸ್ಯರೊಬ್ಬರ ಕೃಪೆಯಿಂದ ಆಟಗಾರರಿಲ್ಲದ ಹೊತ್ತಿನಲ್ಲಿ ಒಂದು ಮೂಲೆಯಲ್ಲಿ ಅಭ್ಯಾಸಕ್ಕೆ ಅನುಮತಿ ಸಿಕ್ಕಿತ್ತು. ನಾವು ಕಲ್ಲೊಂದರ ಮೇಲೆ ಕುಳಿತೆವು. ವಾದಿ ಪ್ರತಿವಾದಿಗಳು ಎದುರೆದುರು ನಿಂತರು.

ಭಾವನವರ ಬೀಸು ಸಾವಧಾನದ್ದು. ಕೋಲು ಹಿಂದಕ್ಕೆ ಹೋದಂತೆ ಎಡ ಹಿಮ್ಮಡಿ ನೆಲದಿಂದ ಏಳುತ್ತದೆ, ಸೊಂಟ ಹೆಗಲು ಎರಡೂ ಒಟ್ಟಿಗೆ ತಿರುಗುತ್ತವೆ, ಆಮೇಲೆ ಹಿಮ್ಮಡಿ ಊರಿದೊಡನೆ ಕೋಲು ಇಳಿಯುತ್ತದೆ. ಮಗನದು ಬಿಗಿಯಾದ ಬೀಸು. ಎರಡು ಪಾದಗಳೂ ನೆಲಕ್ಕೆ ಅಂಟಿರುತ್ತವೆ. ಸೊಂಟವನ್ನು ಆದಷ್ಟು ತಡೆದು ಹೆಗಲನ್ನು ಮಾತ್ರ ಪೂರ್ತಿ ತಿರುಗಿಸಿ, ಹಗ್ಗವನ್ನು ಹೊಸೆದು ಬಿಟ್ಟಂತೆ ಬಿಚ್ಚುತ್ತಾನೆ. ಹೆಗಲಿಗೂ ಸೊಂಟಕ್ಕೂ ನಡುವೆ ಅಂತರ ಹೆಚ್ಚಿದಷ್ಟೂ ವೇಗ ಹೆಚ್ಚೆಂಬ ಈ ಬೋಧನೆ 1990ರ ದಶಕದಿಂದ ಜೋರಾಗಿ ಪ್ರಚಾರಕ್ಕೆ ಬಂದದ್ದು.

“ಅಪ್ಪಾ, ನಿಮ್ಮದು ಹಿಕರಿ ಮರದ ಕೋಲಿನ ಕಾಲದ ಬೀಸು” ಎಂದ ಅಳಿಯ.

ಮಾತು ಸುಳ್ಳಲ್ಲ. ಕೋಲಿನ ಹಿಡಿಗೆ ಮರವನ್ನೇ ಬಳಸುತ್ತಿದ್ದಾಗ ಅದು ಬೀಸುವ ರಭಸಕ್ಕೆ ಬಳುಕುತ್ತಿತ್ತು, ತಿರುಚಿಕೊಳ್ಳುತ್ತಿತ್ತು. ಆದ್ದರಿಂದ ಸೇಂಟ್ ಆಂಡ್ರೂಸಿನ ಹಳಬರು ಮೈಯ ಸುತ್ತ, ಮಟ್ಟಸವಾಗಿ, ಹುಲ್ಲು ಕೊಯ್ಯುವವರು ಕುಡುಗೋಲು ಆಡಿಸಿದ ಹಾಗೆ ಬೀಸಿ ಚೆಂಡನ್ನು ಗಾಳಿಯ ಕೆಳಗೆ ಓಡಿಸುತ್ತಿದ್ದರು. ಅನಂತರ ಜೆರ್ಸಿ ದ್ವೀಪದ ಹ್ಯಾರಿ ವಾರ್ಡನ್ ಬಂದ. 1896ರಿಂದ 1914ರೊಳಗೆ ಬ್ರಿಟಿಷ್ ಓಪನ್ ಪಂದ್ಯವನ್ನು ಆರು ಸಲ ಗೆದ್ದ. ಅವನದು ಹಳಬರಿಗಿಂತ ನೆಟ್ಟಗಿನ ಬೀಸು, ಚೆಂಡು ಎತ್ತರಕ್ಕೆ ಹಾರಿ ಮೆತ್ತಗೆ ಇಳಿಯುತ್ತಿತ್ತು. 1929ರಲ್ಲಿ ಬ್ರಿಟನ್ನಿನ ನಿಯಮಕರ್ತರೂ ಉಕ್ಕಿನ ಹಿಡಿಯನ್ನು ಒಪ್ಪಿದ ಮೇಲೆ ಮಣಿಕಟ್ಟಿನ ಚಮತ್ಕಾರ ಕಡಿಮೆಯಾಗಿ ಕಾಲುಗಳ ಕೆಲಸ ಹೆಚ್ಚಿತು. 1957ರಲ್ಲಿ ಅಮೆರಿಕದ ಬೆನ್ ಹೋಗನ್ ಬರೆದ ಪುಸ್ತಕದಲ್ಲಿ ಚೆಂಡಿನಿಂದ ಹೆಗಲವರೆಗೆ ಓರೆಯಾಗಿ ಒಂದು ಗಾಜಿನ ಹಲಗೆಯನ್ನು ಕಲ್ಪಿಸಿ, ಕೋಲು ಅದರ ಕೆಳಗೇ ಹಾದುಹೋಗಬೇಕು ಎಂದ. ಸ್ವಲ್ಪ ಕಾಲದಲ್ಲೇ ಜ್ಯಾಕ್ ನಿಕ್ಲಾಸ್ ಸೌದೆ ಸೀಳುವವನಂತೆ ಕೈಗಳನ್ನು ಮೇಲೆತ್ತಿ, ಬಲ ಮೊಣಕೈಯನ್ನು ಮೈಯಿಂದ ದೂರ ಬಿಟ್ಟು, ಎಡ ಹಿಮ್ಮಡಿಯನ್ನೂ ಎತ್ತಿ, ಹದಿನೆಂಟು ಮಹಾಪಂದ್ಯಗಳನ್ನು ಗೆದ್ದ! ಕೆನಡಾದ ಮೋ ನಾರ್ಮನ್ ಎಂಬುವನು ಕೈಗಳನ್ನು ಕೋಲಿನ ನೇರಕ್ಕೇ ಚಾಚಿ, ಕಾಲುಗಳನ್ನು ಬಹಳ ಅಗಲಿಸಿ ನಿಂತು, ಯಾರೂ ಕಲಿಸದ ರೀತಿಯಲ್ಲಿ ಹೊಡೆದು, ನೇರ ಹೊಡೆತಕ್ಕೆ ತಾನೇ ಮಾದರಿಯಾದ. 2007ರ ಹೊತ್ತಿಗೆ ಭಾರವನ್ನು ಹಿಂಗಾಲಿಗೆ ಬಿಡದೆ ಮುಂಗಾಲಿನ ಮೇಲೇ ನಿಲ್ಲಿಸಬೇಕೆಂಬ ಪಂಥವೊಂದು ಹುಟ್ಟಿತು. ದ್ವೈತಾದ್ವೈತಗಳಲ್ಲಿಯೂ ಇಷ್ಟು ಉಪಪಂಥಗಳಿರಲಾರವು ಎನಿಸಿತು ನಮಗೆ.

ಅಳಿಯನ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿತ್ತು. ಕೋಲು ಬೀಸಿದ ದಿಕ್ಕಿನಲ್ಲಿ ಚೆಂಡು ಹೊರಡುತ್ತದೆ, ಕೋಲಿನ ಮುಖ ತಿರುಗಿದ ಕಡೆಗೆ ಬಾಗುತ್ತದೆ ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ರೇಡಾರ್ ಯಂತ್ರಗಳಿಂದ ಅಳೆದು ನೋಡಿದರೆ, ಚೆಂಡು ಹೊರಡುವುದು ಬಹುಪಾಲು ಮುಖ ನೋಡುತ್ತಿರುವ ದಿಕ್ಕಿಗೇ. ಬಾಗುವುದು ಮುಖಕ್ಕೂ ಬೀಸಿಗೂ ಇರುವ ವ್ಯತ್ಯಾಸದಿಂದ. “ನೀವು ಇಷ್ಟು ವರ್ಷ ಸಾಹೇಬರುಗಳಿಗೆ ಹೇಳಿಕೊಟ್ಟದ್ದು ತಲೆಕೆಳಗು” ಎಂದ. ದೊಡ್ಡವರೆದುರು ಹಾಗೆ ಹೇಳಬಾರದಿತ್ತು.

ಭಾವನವರು ಸಿಟ್ಟಾಗಲಿಲ್ಲ. “ಕೋಲು ಚೆಂಡನ್ನು ಮುಟ್ಟಿರುವುದು ಎಷ್ಟು ಹೊತ್ತು?” ಎಂದರು. ಒಂದು ಸೆಕೆಂಡನ್ನು ಎರಡು ಸಾವಿರ ಪಾಲು ಮಾಡಿದರೆ ಅದರಲ್ಲಿ ಹೆಚ್ಚುಕಡಿಮೆ ಒಂದು ಪಾಲು ಎಂದು ಮಗ ಒಪ್ಪಿದ. “ಆ ಒಂದು ಪಾಲಿನಲ್ಲಿ ಮುಖ ಸರಿಯಾಗಿದ್ದರೆ, ಹಿಂದೆ ಹಿಮ್ಮಡಿ ಎದ್ದಿತ್ತೋ ಊರಿತ್ತೋ ಚೆಂಡಿಗೇನು ಗೊತ್ತು? ನಿನಗೆ ಯಾವುದು ಹತ್ತು ಸಲಕ್ಕೆ ಹತ್ತೂ ಸಲ ಬರುತ್ತದೆ, ಅದು ಹೇಳು.”

ಹತ್ತು ಚೆಂಡುಗಳನ್ನು ಹೊಡೆದುದಾಯಿತು. ಮಗನವು ದೂರ ಹೋದವು. ಮೂರು ಪೊದೆ ಸೇರಿದವು. ತಂದೆಯವು ಹತ್ತಿರ ಬಿದ್ದವು. ಎಲ್ಲವೂ ಒಂದು ಕಂಬಳಿಯಿಂದ ಮುಚ್ಚಬಹುದಾದಷ್ಟು ಜಾಗದಲ್ಲಿದ್ದವು ಎಂದರೆ ಅತಿಶಯೋಕ್ತಿಯಾದೀತು, ಎರಡು ಕಂಬಳಿ ಎನ್ನೋಣ. ಆದರೆ ಊಟಿಯ ದೂರವನ್ನು ನಂಬುವಂತಿಲ್ಲ. 2240 ಮೀಟರ್ ಎತ್ತರದ ಇಲ್ಲಿ ಗಾಳಿ ಕಡಲತಡಿಗಿಂತ ಸುಮಾರು ಐದರಲ್ಲೊಂದು ಪಾಲು ತೆಳುವು. ಕೆಳಗೆ 200 ಗಜ ಹೋಗುವ ಚೆಂಡು ಇಲ್ಲಿ 215 ಗಜವನ್ನು ಮೀರುತ್ತದೆ. ಬೆಂಗಳೂರಿನಲ್ಲಿ ಮೊದಲ ತಿಂಗಳು ಅಳಿಯನ ಚೆಂಡುಗಳೆಲ್ಲ ಗುರಿಗಿಂತ ಹಿಂದೆಯೇ ಬಿದ್ದುವಂತೆ. ಹೊಸ ಬೀಸಿನ ಕಡೆಗೆ ಅವನು ವಾಲಿದ್ದು ಆ ಅವಮಾನದಿಂದಲೇ ಎಂದು ನಮಗೆ ಆಗ ಹೊಳೆಯಿತು.

“ಬಲವೇ ಎಲ್ಲ ಆಗಿದ್ದರೆ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋದಲ್ಲಿ ನಾಲ್ಕನೆಯವಳಾಗುತ್ತಿದ್ದಳೇ?” ಎಂದರು ಭಾವನವರು. 2021ರ ಆ ನಾಲ್ಕು ದಿನ ಅವರು ಟಿ.ವಿ. ಮುಂದಿನಿಂದ ಏಳಲಿಲ್ಲವೆಂದು ಅಕ್ಕ ಹೇಳಿದ್ದುಂಟು. ದೂರ ಹೊಡೆಯುವವರ ನಡುವೆ ಗ್ರೀನಿನ ಮೇಲಿನ ನಾಜೂಕಿನಿಂದಲೇ ಪದಕದ ಅಂಚಿಗೆ ಹೋದ ಹುಡುಗಿ ಆಕೆ. ಅಳಿಯನೂ ಸುಮ್ಮನಿರಲಿಲ್ಲ, ಬಿಡದಿಯ ಸಮೀಪದ ಹಳ್ಳಿಯ ಚಿಕ್ಕರಂಗಪ್ಪನವರ ಹೆಸರೆತ್ತಿದ. ದೆಹಲಿಯ ಕ್ಯಾಡಿ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಸುದ್ದಿ ಬಂದ ದಿನ ಈ ಮೈದಾನದ ಕ್ಯಾಡಿಗಳೆಲ್ಲ ಒಂದೊಂದು ಚಹಾ ಹೆಚ್ಚಾಗಿ ಕುಡಿದರೆಂದು ಭಾವನವರು ನೆನೆದರು. ಅಲ್ಲಿಂದ ಮುಂದೆ ಇಬ್ಬರ ದನಿಯೂ ಮೆತ್ತಗಾಯಿತು.

ಹತ್ತನೆಯ ಚೆಂಡಿನ ಬಳಿಕ ಹುಡುಗ ಬಗ್ಗಿ ಟೀ ತೆಗೆಯುವಾಗ ಕೈ ಸೊಂಟಕ್ಕೆ ಹೋದದ್ದನ್ನು ನಾವು ಕಂಡೆವು. ಭಾವನವರೂ ಕಂಡರು.

“ಎಷ್ಟು ದಿನದಿಂದ?”

“ಮೂರು ತಿಂಗಳಾಯಿತು.”

“ಗುರುಗಳಿಗೆ ಹೇಳಿದೆಯಾ?”

ಇಲ್ಲವೆಂದು ತಲೆಯಾಡಿಸಿದ. ಹೇಳಿದರೆ ಸ್ಪರ್ಧೆಯಿಂದ ಹಿಂದೆಳೆದಾರೆಂಬ ಭಯ. ಮನೆಯಲ್ಲಿ ಹೇಳಿದರೆ, ತಂದೆ ತಮ್ಮ ಉಳಿತಾಯವನ್ನೆಲ್ಲ ಬಸಿದು ಕೊಟ್ಟ ಹಣ ಹಾಳಾಯಿತೆಂಬ ಸಂಕಟ. ಸೊಂಟವನ್ನು ತಡೆದು ಮೈ ತಿರುಚುವ ಬೀಸು ಕೆಳಬೆನ್ನಿಗೆ ಹೊರೆಯಾದೀತೆಂದು ಇಂದು ಅನೇಕ ಶಿಕ್ಷಕರೇ ಎಚ್ಚರಿಸುತ್ತಾರೆ. ಹಿಮ್ಮಡಿಯನ್ನು ಏಳಗೊಟ್ಟರೆ ಸೊಂಟ ಸಡಿಲಾಗಿ ತಿರುಗುತ್ತದೆ. ಆದರೆ ಭಾವನವರು ಗೆದ್ದೆನೆನ್ನಲಿಲ್ಲ. ಮಗನ ಹಿಂದೆ ನಿಂತು, ಅವನ ಎಡಗಾಲಿನ ಕಡೆ ಬೆರಳು ತೋರಿಸಿ, “ಅರ್ಧ ಅಂಗುಲ ಸಾಕು, ನಿನ್ನ ಹೊಸ ಬೀಸೇ ಇರಲಿ” ಎಂದರು. ಆ ಹೊಡೆತ ಎಲ್ಲಿಗೆ ಹೋಯಿತೋ ನೋಡಲಾಗಲಿಲ್ಲ. ಶೋಲೆಯ ಕಡೆಯಿಂದ ಮಂಜು ಹತ್ತಿ ಬಂದಿತ್ತು. ಸಪ್ಪಳ ಚೆನ್ನಾಗಿತ್ತೆಂದು ಇಬ್ಬರೂ ಒಟ್ಟಿಗೆ ಹೇಳಿದರು.

ಬೆಂಗಳೂರಿಗೆ ಮರಳಿ ಮೊದಲು ವೈದ್ಯರನ್ನು ಕಾಣುವುದು, ಆಮೇಲೆ ಗುರುಗಳಿಗೆ ಎಲ್ಲವನ್ನೂ ಹೇಳುವುದು, ಸ್ಪರ್ಧೆ ಈ ಸಲ ತಪ್ಪಿದರೆ ಮುಂದಿನ ಸಲವೆಂದು ದಾರಿಯಲ್ಲಿ ಗೊತ್ತಾಯಿತು. ಚೀಲವನ್ನು ಯಾರು ಹೊರಬೇಕೆಂದು ಮತ್ತೆ ಸ್ವಲ್ಪ ಚರ್ಚೆ ನಡೆದು, ಕೊನೆಗೆ ಅದು ನಮ್ಮ ಹೆಗಲಿಗೆ ಬಂತು. ಅದರ ಭಾರ ಎಷ್ಟೆಂದು ನಲವತ್ತು ವರ್ಷಗಳಲ್ಲಿ ಭಾವನವರನ್ನು ಒಮ್ಮೆಯೂ ಕೇಳಿರಲಿಲ್ಲ.

ಬಾಗಿಲಲ್ಲೇ ಕಾದಿದ್ದ ಅಕ್ಕ, “ಯಾರು ಗೆದ್ದರು?” ಎಂದಳು.

“ಅವನಿಗೆ ಬಿಸಿನೀರು ಕಾಯಿಸು, ಬೆನ್ನಿಗೆ ಶಾಖ ಕೊಡಬೇಕು” ಎಂದು ಭಾವನವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಊಟ ಮುಗಿಸಿ, ಒಂಬತ್ತರೊಳಗೆ ಬಂಡೀಪುರದ ಗೇಟು ದಾಟಬೇಕೆಂದು ನಾವು ಬೇಗನೆ ಹೊರಟೆವು.